ಧರ್ಮಕ್ಕೆ ಇಟ್ಟುಕೊಂಡ ಮುಖ

ಮಾಮಾ ತೀರಿಕೊಂಡಿದ್ದಾರೆಂಬುದನ್ನು ಅವರ ಮನೆಯವರು ಒಪ್ಪಿಕೊಂಡಿದ್ದಾರೆ. ನಮ್ಮ ಸೊಸೈಟಿಯವರೂ ಒಪ್ಪಿಕೊಂಡು, ಟೆರೇಸಿನ ಮೇಲೆ ಎರಡು ನಿಮಿಷ ಮೌನವಾಗಿ ನಿಂತು, ಬಂದದ್ದಕ್ಕೆ ನೀರಿನ ಟ್ಯಾಂಕು ಸೋರುವ ಬಗ್ಗೆ ಒಂದು ಜಗಳವನ್ನೂ ಮುಗಿಸಿಕೊಂಡು ಇಳಿದಿದ್ದಾರೆ. ಒಪ್ಪಿಕೊಳ್ಳದೆ ಉಳಿದಿರುವುದು ಅವರ ಅಂಗಡಿಗಳನ್ನು ಈಗ ನಡೆಸುವ ಕಂಪನಿ ಒಂದೇ. ಠಾಣೆ, ಕಲ್ಯಾಣ, ವಾಶಿ, ಘೋಡಬಂದರ್ ರಸ್ತೆ, ಎಲ್ಲಿ ಹೋದರೂ ಆ ಸ್ಟೇಷನರಿ ಅಂಗಡಿಗಳಲ್ಲಿ ಮಾಮಾ ಇನ್ನೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾರೆ. ಬದುಕಿದ್ದಾಗ ಅವರು ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಡೊಂಬಿವಲಿಯಲ್ಲಿ ಅದನ್ನು ಕರೆದವರಿಲ್ಲ. ಮರಾಠಿ ಮಕ್ಕಳಿಗೆ ಅವರು ಮಾಮಾ, ಕನ್ನಡದ ಮಕ್ಕಳಿಗೂ ಮಾಮಾ. ಆ ಮಕ್ಕಳ ಅಪ್ಪ ಅಮ್ಮಂದಿರಿಗೂ, ಪೊಲೀಸ್ ಚೌಕಿಯವರಿಗೂ, ಕೊನೆಗೆ ಸೊಸೈಟಿಯ ನೋಟಿಸಿನಲ್ಲೂ ಮಾಮಾ. ಅವರ ಹೆಂಡತಿ ಹಳೆಯ ಕಾಲದವರು, ಗಂಡನ ಹೆಸರು ಹೇಳುವವರಲ್ಲ. ಅವರಿಗೆ ಗಂಡ ಎಂದರೆ 'ಇವರು', ಸಿಟ್ಟು ಬಂದಾಗ 'ಈ ಮನುಷ್ಯ'. ನಾನು ಅವರ ಕೆಳಗಿನ ಮಹಡಿಯಲ್ಲಿ ಇಷ್ಟು ವರ್ಷ ಇದ್ದೂ ಆ ಹೆಸರನ್ನು ವಿಚಾರಿಸುವ ಗೋಜಿಗೆ ಹೋದವಳಲ್ಲ.

ಉಡುಪಿ ಕಡೆಯವರು. ನೆಂಟರಿಷ್ಟರಲ್ಲಿ ಮುಕ್ಕಾಲು ಪಾಲು ಹೋಟೆಲಿನವರು. ಇವರೂ ಮೊದಲು ಒಬ್ಬ ಸಂಬಂಧಿಕರ ಹೋಟೆಲಿನ ಗಲ್ಲಾದಲ್ಲಿ ಬಿಲ್ಲು ಬರೆದವರೇ. ಆಮೇಲೆ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನ ಬ್ರಿಜ್ಜು ಇಳಿದು ಬರುವ ಗಲ್ಲಿಯಲ್ಲಿ, ಊರಿನ ದೇವಿಯ ಹೆಸರಿಟ್ಟು ಕಾಗದ ಪೆನ್ನಿನ ಅಂಗಡಿ ಹಾಕಿದರು. ಕುಲಕಸುಬು ಬಿಟ್ಟದ್ದೇಕೆ ಎಂದು ಕೇಳಿದರೆ ಅವರದು ಒಂದೇ ಉತ್ತರ. "ಇಡ್ಲಿ ಸಂಜೆಗೆ ಹಳಸ್ತದೆ ಮಾರಾಯ್ರೆ. ರಬ್ಬರ್ ಹಳಸುದುಂಟಾ?"

ಹೊಸ ಪೆನ್ನನ್ನು ಅವರು ತಾವು ಮುಟ್ಟಿದವರಲ್ಲ. ಮಕ್ಕಳು ಎಸೆದು ಹೋದ ಹೆಬ್ಬೆರಳುದ್ದದ ಪೆನ್ಸಿಲ್ ತುಂಡು ಕಿವಿಯ ಮೇಲೆ ಇರುತ್ತಿತ್ತು. ಗಿರಾಕಿಗಳಿಗೂ ಅದೇ ನ್ಯಾಯ. ನಾನು ಆಗ ಬೇಲಾಪುರದ ಒಂದು ಸರಕಾರಿ ಆಫೀಸಿನಲ್ಲಿದ್ದೆ. ಒಮ್ಮೆ ಮಗಳಿಗೆಂದು ಬಣ್ಣದ ಪೆನ್ಸಿಲಿನ ದೊಡ್ಡ ಡಬ್ಬ ಕೇಳಿದರೆ, "ಹೋದ ತಿಂಗಳು ಕೊಂಡೋದದ್ದು ಎಂತ ಆಯ್ತು? ತಿಂದದ್ದಾ?" ಎಂದು ಕೇಳಿ ಬರಿಗೈಲಿ ಕಳಿಸಿದರು. ನನಗೆ ಮೈ ಉರಿಯಿತು. ಎದುರಿನ ಅಂಗಡಿಗೆ ಹೋಗಿ ಅದೇ ಡಬ್ಬ ಕೊಂಡು, ಅವರ ಕಣ್ಣಿಗೆ ಬೀಳುವ ಹಾಗೆ ಹಿಡಿದುಕೊಂಡು ಮನೆಗೆ ಬಂದೆ. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ, "ನಿಮ್ಮ ಹುಬ್ಬಳ್ಳಿಯವರಿಗೆ ಹಠ ಜಾಸ್ತಿ" ಎಂದರು. "ನಿಮ್ಮ ಕಡೆಯವರಿಗೆ ವ್ಯಾಪಾರ ಕಡಿಮೀನ್ರಿ" ಎಂದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು, ಏಕೆಂದರೆ ಕಲ್ಯಾಣದಲ್ಲಿ ಎರಡನೆಯ ಅಂಗಡಿ ತೆರೆದು ಆಗಲೇ ವಾರ ಕಳೆದಿತ್ತು.

ವ್ಯಾಪಾರ ಬೆಳೆದದ್ದು ಬೈಂಡಿನಿಂದ. ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಡೊಂಬಿವಲಿಯ ತಾಯಂದಿರೆಲ್ಲ ಪುಸ್ತಕದ ಚೀಲ ಹೊತ್ತು ಅವರ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಮಾಮಾನ ಪದ್ಧತಿ ಹೀಗಿತ್ತು: ಪ್ರತಿ ಮಗುವಿನ ಮೊದಲ ಪುಸ್ತಕಕ್ಕೆ ಖಾಕಿ ಕಾಗದದ ಬೈಂಡನ್ನು ಅವರು ಹಾಕುವುದು, ಎರಡನೆಯದಕ್ಕೆ ಅವರ ಎದುರೇ ಆ ಮಗು ಹಾಕುವುದು, ಉಳಿದದ್ದು ಮನೆಯಲ್ಲಿ. ಟೇಪು ಇಲ್ಲ, ಪಿನ್ನು ಇಲ್ಲ, ಅಂಟು ಇಲ್ಲ. ಪುಸ್ತಕದ ಬೆನ್ನಿನ ಮೇಲೂ ಕೆಳಗೂ ಕಾಗದಕ್ಕೆ ಒಂದೊಂದು ಕತ್ತರಿ, ಮೂಲೆಗೆ ಒಂದು ಮಡಿಕೆ, ಆಮೇಲೆ ಮಡಿಕೆಯುದ್ದಕ್ಕೂ ಹೆಬ್ಬೆರಳಿನ ಉಗುರನ್ನು ಸರ್ರೆಂದು ಎಳೆಯುವುದು. ಅದಕ್ಕೆಂದೇ ಬಲಗೈ ಹೆಬ್ಬೆರಳಿನ ಉಗುರು ಬಿಟ್ಟಿದ್ದರು. ನನ್ನ ಮಗಳು ಸ್ವಾತಿ ಒಂದನೆಯ ಇಯತ್ತೆಗೆ ಹೋದ ವರ್ಷ ಎರಡನೆಯ ಪುಸ್ತಕವನ್ನು ಮಡಚಲಾಗದೆ ತುಟಿ ಕಚ್ಚಿಕೊಂಡು ಕುಳಿತಿದ್ದಳು. ನಾನು ಕೈ ಹಾಕಹೋದೆ. "ನೀವು ಕೈ ತೆಗೀರಿ. ನಿಮ್ಮ ಪರೀಕ್ಷೆ ಎಲ್ಲ ಯಾವಾಗಲೋ ಮುಗಿದಿದೆ" ಎಂದು ಅಷ್ಟು ಜನರ ಮುಂದೆ ಗದರಿದರು. ಸ್ವಾತಿ ಕಿಸಕ್ಕನೆ ನಕ್ಕಳು. ಆ ನಗುವಿನಲ್ಲೇ ಮಡಿಕೆ ಸರಿಯಾಗಿ ಬಿತ್ತು.

ಹೀಗೆ ಧರ್ಮಕ್ಕೆ ಬೈಂಡ್ ಹಾಕಿಸಿಕೊಂಡವರು ಖಾಕಿ ಕಾಗದವನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಜೊತೆಗೆ ಕಂಪಾಸು, ಲೇಬಲ್ಲು, ಡಬ್ಬಿ, ನೀರಿನ ಬಾಟಲಿ. ಕಲ್ಯಾಣದ ನಂತರ ಠಾಣೆ ಆಯಿತು, ಠಾಣೆಯ ನಂತರ ಸಮುದ್ರದ ಖಾಡಿ ದಾಟಿ ವಾಶಿ, ನೆರೂಳು. ಪ್ರತಿ ಅಂಗಡಿಯಲ್ಲೂ ಒಬ್ಬ ಭಾವಮೈದುನನೋ ಸೋದರಳಿಯನೋ. ಮಾಮಾ ಸಫಾರಿ ಹೊಲಿಸಿಕೊಂಡರು. ಉದ್ಘಾಟನೆಯ ರಿಬ್ಬನ್ನನ್ನು ಕತ್ತರಿಸಲು ಅತಿಥಿಗಳನ್ನು ಕರೆದು, ಅವರ ಕೈಗೆ ಕತ್ತರಿ ಕೊಡಲು ಮನಸ್ಸಾಗದೆ ತಾವೇ ಕತ್ತರಿಸುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗಲೂ ಸಫಾರಿಯಲ್ಲೇ ಇದ್ದುದನ್ನು ನೋಡಿ ಮಾಮಿ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರಿ ಕೊಡೆ ಹಿಡಿದನಂತೆ. ಇವರು ಕೊಡೆ ಒಂದು ಹಿಡೀಲಿಲ್ಲ" ಎಂದು ನನ್ನೆದುರೇ ಹೇಳಿದರು. ಮಾಮಾ ಇನ್ನೊಂದು ಸೌಟು ಮಜ್ಜಿಗೆ ಹಾಕಿಸಿಕೊಂಡರು.

ಅಂಗಡಿಗಳನ್ನು ಮಾರಿದ್ದೇಕೆ ಎಂದರೆ, ಬೆಳೆದದ್ದರಿಂದಲೇ. ಬೆಳಿಗ್ಗೆ ಕಲ್ಯಾಣ, ಮಧ್ಯಾಹ್ನ ಠಾಣೆ, ಸಂಜೆ ವಾಶಿ ಎಂದು ಲೋಕಲ್ಲಿನಲ್ಲಿ ನೇತಾಡುವ ವಯಸ್ಸು ಮುಗಿದಿತ್ತು. ಭಾವಮೈದುನರು ತಮ್ಮತಮ್ಮೊಳಗೆ ಮಾತು ಬಿಟ್ಟಿದ್ದರು. ಒಬ್ಬಳೇ ಮಗಳು ಕಲ್ಯಾಣದಲ್ಲಿ ಹಲ್ಲಿನ ಡಾಕ್ಟರು. ಅವಳಿಗೆ ಪೆನ್ಸಿಲಿನ ಗೊಡವೆ ಬೇಕಿರಲಿಲ್ಲ. ಆಗ ಪ್ಲಾಸ್ಟಿಕ್ ಬಕೆಟ್ ಮಾಡುವ ಠಾಣೆಯ ಒಂದು ಮನೆತನದವರು ಬಂದು ಎಲ್ಲವನ್ನೂ ಕೊಂಡರು. ಮಾಮಾ ಒಂದೇ ಷರತ್ತು ಹಾಕಿದರು: ಜೂನಿನಲ್ಲಿ ಡೊಂಬಿವಲಿ ಅಂಗಡಿಯ ತಮ್ಮ ಸ್ಟೂಲಿನ ಮೇಲೆ ಕೂತು ಮಕ್ಕಳ ಮೊದಲ ಪುಸ್ತಕಕ್ಕೆ ತಾವೇ ಬೈಂಡ್ ಹಾಕುವುದು, ಕೈ ನಡೆಯುವವರೆಗೆ. ಬಕೆಟ್ಟಿನವರು ಒಳ್ಳೆಯವರು. ಷರತ್ತಿಗೆ ತಲೆದೂಗಿದರು, ಪೆನ್ನಿನ ಪಕ್ಕದಲ್ಲಿ ಒಂದಷ್ಟು ಬಕೆಟ್ ಇಟ್ಟರು, ಮಿಕ್ಕದ್ದು ಮೊದಲಿನ ಹಾಗೇ ನಡೆಯಿತು.

ಆದರೆ ಅವರಿಂದ ಅಂಗಡಿಗಳನ್ನು ಕೊಂಡವರು ಹೂಡಿಕೆಯ ಫಂಡಿನವರು. ಇವರು ಯಾರು, ಯಾರ ದುಡ್ಡು, ಏನು ವ್ಯಾಪಾರ ಎಂದು ಮಾಮಾ ನನ್ನನ್ನು ಎಷ್ಟೋ ಸಲ ಕೇಳಿದರು. ಸರಕಾರಿ ಆಫೀಸಿನವಳಾದ ನನಗೂ ಅದು ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅವರು ಯಾವುದನ್ನೂ ಇಟ್ಟುಕೊಳ್ಳುವುದಕ್ಕೆ ಕೊಳ್ಳುವುದಿಲ್ಲ. ಅವರ ಕಾಲದಲ್ಲಿ ಅಂಗಡಿಗೆ ಲ್ಯಾವೆಂಡರ್ ವಾಸನೆ ಬಂತು, ಹಳದಿ ಬೆಳಕು ಬಂತು, ಘೋಡಬಂದರ್ ರಸ್ತೆಯ ಮಾಲಿನಲ್ಲಿ ಒಂದು ಅಂಗಡಿ ಬಂತು. ಅಲ್ಲಿ ನೋಟುಪುಸ್ತಕಕ್ಕೆ 'ಜರ್ನಲ್' ಎಂದು ಹೆಸರು. ಹಾಗೆಂದ ಕೂಡಲೇ ಬೆಲೆ ನಾಲ್ಕು ಪಟ್ಟು. ಬೋರ್ಡಿನ ಮೇಲಿನ ದೇವಿಯನ್ನು ಇಳಿಸಿ ಆ ಜಾಗದಲ್ಲಿ ಮಾಮಾನನ್ನು ಏರಿಸುವುದೆಂದು ತೀರ್ಮಾನವಾಯಿತು.

ಅದಕ್ಕೆ ಮಾಮಾನ ಒಪ್ಪಿಗೆ ಬೇಕಲ್ಲ. ಒಂದು ಭಾನುವಾರ ಇಬ್ಬರು ಹುಡುಗರೂ ಒಬ್ಬ ಹುಡುಗಿಯೂ ಅವರ ಮನೆಗೆ ಬಂದರು. ಇಂಗ್ಲಿಷ್ ಕಾಗದ ಓದಿ ಹೇಳಲು ಮಾಮಾ ನನ್ನನ್ನೂ ಕರೆದಿದ್ದರು. ಗೋಳಿಬಜೆ ತಿಂದು, ವಾಹ್ ವಾಹ್ ಎಂದು, ಅವರು ಕಾಗದ ತೆಗೆದರು. ಮಾಮಾ ಎಂಬ ಹೆಸರು ಮತ್ತು ಮಾಮಾನ ಮುಖ, ಎರಡೂ ಇನ್ನು ಕಂಪನಿಯ ಸ್ವತ್ತು. ಪ್ರತಿಫಲವಾಗಿ ಇಷ್ಟು ಹಣ. "ಮಾಮಾ, ಇದರಾಗ ನಿಮ್ಮ ಮುಖಾನೂ ಬರದಾರ್ರಿ. ಸ್ವಲ್ಪ ವಿಚಾರ ಮಾಡ್ರಿ" ಎಂದೆ. ಮಾಮಾ ಗೋಡೆಯ ಕನ್ನಡಿಯಲ್ಲೊಮ್ಮೆ ನೋಡಿಕೊಂಡರು. "ಈ ಮುಖಕ್ಕೆ ದುಡ್ಡು ಕೊಡುವವರು ಸಿಕ್ಕಿದ್ದೇ ಇವತ್ತು. ಬೇಡ ಹೇಳುದಾ?" ಎಂದು ಹಿಗ್ಗಿದರು. ಒಳಗಿನಿಂದ ಮಾಮಿ ಜೋರಾಗಿ ಹೇಳಿದರು. "ಕೊಡಿ, ಕೊಡಿ. ಇಷ್ಟು ವರ್ಷ ನಾನು ಧರ್ಮಕ್ಕೇ ಇಟ್ಟುಕೊಂಡದ್ದಲ್ಲವಾ!"

ಎಲ್ಲರೂ ನಕ್ಕರು. ಭಾಷೆ ಬಾರದ ಆ ಹುಡುಗಿಯೂ ನಕ್ಕಳು. ಮಾಮಾ ಕಿವಿಯ ಮೇಲಿನ ಪೆನ್ಸಿಲ್ ತುಂಡು ತೆಗೆದು ಸಹಿ ಹಾಕಹೋದರು. ಪೆನ್ನೇ ಆಗಬೇಕೆಂದು ಬಂದವರು ಒಂದು ಪೆನ್ನು ಕೊಟ್ಟರು. ಮುಂದಿನ ವಾರ ಫೋಟೋದವನು ಬಂದು ಅವರನ್ನು ನಗಿಸಲು ಒದ್ದಾಡಿದ. ಮಾಮಾನಿಗೆ ಕ್ಯಾಮೆರಾದ ಮುಂದೆ ನಗಲು ಬರುತ್ತಿರಲಿಲ್ಲ. ಕೊನೆಗೆ ಮಾಮಿ ಅಡುಗೆಮನೆಯಿಂದ ತುಳುವಿನಲ್ಲಿ ಅದೇನೋ ಅಂದರು, ಮಾಮಾ ಹಲ್ಲು ಬಿಟ್ಟರು, ಕ್ಲಿಕ್ಕಾಯಿತು. ಏನು ಹೇಳಿದಿರಿ ಎಂದು ಮಾಮಿಯನ್ನು ಆಮೇಲೆ ಕೇಳಿದ್ದೇನೆ. "ಅದು ಹೇಳುವಂಥದ್ದಲ್ಲ ಮಾರಾಯ್ತಿ" ಎಂದು ಮುಖ ತಿರುಗಿಸಿದರು.

ಫಂಡಿನವರು ಬೇಗ ಮಾರಿ ಹೋದರು. ಈಗಿನ ಮಾಲೀಕರು ಆಟಿಕೆ ಮಾರುವ ಒಂದು ದೊಡ್ಡ ಕಂಪನಿ. ಅವರ ಈ ಕಡೆಯ ಆಫೀಸು ಬೇಲಾಪುರದಲ್ಲಿ, ನಾನಿದ್ದ ಕಟ್ಟಡದಿಂದ ಕೂಗಳತೆಯಲ್ಲಿ. ಬಂದವರೇ ಮೊದಲು ಖಾಕಿ ಕಾಗದವನ್ನು ನಿಲ್ಲಿಸಿದರು. ಅದು ಜಾಗ ತಿನ್ನುತ್ತದೆ, ಲಾಭ ಕೊಡುವುದಿಲ್ಲವಂತೆ. ಅದರ ಬದಲು ಪುಸ್ತಕದ ಅಳತೆಗೆ ಸರಿಯಾದ ಪ್ಲಾಸ್ಟಿಕ್ ಅಂಗಿಗಳು, ಸುಮ್ಮನೆ ತೊಡಿಸಿದರೆ ಆಯಿತು. ಆಮೇಲೆ ಕತ್ತರಿಯ ಸರದಿ. ಸಂಬಳದ ಪಟ್ಟಿಯಲ್ಲಿಲ್ಲದ ಮುದುಕರು ಮಕ್ಕಳ ನಡುವೆ ಕತ್ತರಿ ಹಿಡಿದು ಕೂರುವುದು ಅಪಾಯಕಾರಿ ಎಂದು ಇ-ಮೇಲ್ ಬಂತು. ಮಾಮಾನ ಷರತ್ತಿಗೆ ಭಂಗ ಬರಬಾರದಲ್ಲ? ಅದಕ್ಕೆ ಒಂದು ಜೂನಿನಲ್ಲಿ ಅವರನ್ನು ಬರಿಗೈಯಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಮಕ್ಕಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋದರು. ಒಬ್ಬ ತಾಯಿ ತನ್ನ ಮಗುವಿಗೆ, "ಮಾಮಾಲಾ ಹಾತ್ ಲಾವೂ ನಕೋ" ಎಂದಳಂತೆ, ಮುಟ್ಟಬೇಡ ಎಂದು. ಮಾಮಾ ಅದನ್ನು ನನಗೆ ಹೇಳುವಾಗ ನಗಲಿಲ್ಲ.

ಮರುವರ್ಷ ಆ ಕಷ್ಟವನ್ನೂ ತಪ್ಪಿಸಿದರು. ಎಲ್ಲ ಅಂಗಡಿಗಳಿಗೂ ಅವರ ನಗುವ ಫೋಟೋವನ್ನು ದಪ್ಪ ರಟ್ಟಿಗೆ ಅಂಟಿಸಿ, ಸೊಂಟದೆತ್ತರದ ಹಲಗೆ ಮಾಡಿ ಕಳಿಸಿದರು. ಡೊಂಬಿವಲಿಯಲ್ಲಿ ಅದು ಬಂದು ಕೂತದ್ದು ಅದೇ ಸ್ಟೂಲಿನ ಮೇಲೆ. ಮಾಮಾ ಹೋದಾಗ ಕೂರಲು ಜಾಗ ಇರಲಿಲ್ಲ. ತಮ್ಮ ಎದುರು ತಾವೇ ನಗುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿ ಮನೆಗೆ ಬಂದರು.

ಸುಮ್ಮನಿರುವ ಜೀವ ಅಲ್ಲ ಅದು. ನಮ್ಮ ಬಿಲ್ಡಿಂಗಿನ ಗೇಟಿನ ಬಳಿ, ವಾಚ್‌ಮನ್ನನ ಕುರ್ಚಿ ಪಕ್ಕಕ್ಕೆ ಸರಿಸಿ, ಒಂದು ಮೇಜು ಹಾಕಿದರು. ಮಂಚದಡಿಯಿಂದ ಹಳೆಯ ಖಾಕಿ ಕಾಗದದ ಸುರುಳಿಗಳು ಹೊರಬಂದವು. ಮೇಲೊಂದು ರಟ್ಟು: 'ಮಾಮಾ. ಮೊದಲ ಪುಸ್ತಕಕ್ಕೆ ಬೈಂಡ್ ಉಚಿತ' ಎಂದು ಮರಾಠಿಯಲ್ಲೂ ಕನ್ನಡದಲ್ಲೂ. ಎರಡೇ ದಿನಕ್ಕೆ ಗೇಟಿನಿಂದ ರಿಕ್ಷಾ ಸ್ಟ್ಯಾಂಡಿನವರೆಗೆ ಸಾಲು. ಮೂರನೆಯ ದಿನ ಬೇಲಾಪುರದಿಂದ ಕೊರಳಿಗೆ ಕಾರ್ಡು ಹಾಕಿಕೊಂಡ ಒಬ್ಬ ಯುವಕ ಬಂದ. ತುಂಬ ಮರ್ಯಾದೆಯಿಂದ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಿಂದಿಯಲ್ಲಿ ವಿಷಯ ತಿಳಿಸಿದ. ಮಾಮಾ ಎಂಬ ಹೆಸರನ್ನು ಮಾಮಾನವರು ಬಳಸುವಂತಿಲ್ಲ. ಬೈಂಡ್ ಹಾಕಬಹುದು, ಅಡ್ಡಿಯಿಲ್ಲ. ಆದರೆ ಮಾಮಾನ ಹೆಸರಿನಲ್ಲಿ, ಮಾಮಾನ ಮುಖದೊಂದಿಗೆ, ಸಾರ್ವಜನಿಕವಾಗಿ ಹಾಕಿದರೆ ಅದು ಕಂಪನಿಯ ಸ್ವತ್ತಿನ ದುರುಪಯೋಗ.

ಮಾಮಾ ಬೋರ್ಡನ್ನು ತೆಗೆದು ಕೆಳಗಿಟ್ಟರು. "ಹೆಸರು ತೆಗೆದೆ. ಮುಖ ಎಲ್ಲಿ ಇಡುದು, ಅದನ್ನೂ ಹೇಳಿ ಹೋಗಿ" ಎಂದು ಕೇಳಿದರು. ನಾನು ಹಿಂದಿಗೆ ತಿರುಗಿಸಿ ಹೇಳಿದೆ, ನನ್ನದೂ ಎರಡು ಖಾರದ ಮಾತು ಸೇರಿಸಿ. ಮಾಮಾ ಮೇಲೆ ಹೋಗಿ, ಕೋವಿಡ್ ಕಾಲದ ಮಾಸ್ಕೊಂದನ್ನು ಹುಡುಕಿ ಹಾಕಿಕೊಂಡು ಬಂದು, ಕೂತು, ಬೈಂಡ್ ಹಾಕತೊಡಗಿದರು. ಆ ಜೂನು ಪೂರ್ತಿ ಹಾಗೆಯೇ. ಬೆವರು ಹರಿದು ಮಾಸ್ಕು ತೊಪ್ಪೆಯಾದರೂ ತೆಗೆಯಲಿಲ್ಲ. ಮಾಮಿ ಮಜ್ಜಿಗೆ ತಂದರೆ, ಗೋಡೆಯ ಕಡೆ ತಿರುಗಿ, ಮಾಸ್ಕು ಎತ್ತಿ ಕುಡಿಯುತ್ತಿದ್ದರು. "ಈಗ ನೋಡಿ, ಇವರ ಮುಖ ನನಗೇ ತೋರಿಸುದಿಲ್ಲ" ಎಂದು ಮಾಮಿ ಅಂದದ್ದು ತಮಾಷೆಗೇ. ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಈ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಖಾಕಿ ಕಾಗದವನ್ನು ಬಿಸಿಲಿಗೆ ಹಾಕಿ ಒಳಗಿಟ್ಟು ಮಲಗಿದ್ದರು.

ಪತ್ರಿಕೆಗೆ ಕೊಡಲು, ಉತ್ತರಕ್ರಿಯೆಯ ದಿನ ದೀಪ ಹಚ್ಚಿಡಲು ಒಂದು ಫೋಟೋ ಬೇಕಾಯಿತು. ಮಾಮಿಗೆ ಆ ನಗುವ ಫೋಟೋವೇ ಬೇಕು. ಮಗಳು ಕಂಪನಿಗೆ ಬರೆದಳು. ನಿಮ್ಮ ಕೋರಿಕೆ ತಲುಪಿದೆ, ನಿಮ್ಮ ದಿನ ಶುಭವಾಗಲಿ ಎಂದು ಉತ್ತರ ಬಂತು. ಕೊನೆಗೆ ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಅವರನ್ನು ಕತ್ತರಿಸಿ ತೆಗೆದೆವು. ಅದರಲ್ಲಿ ಅವರು ಊಟದ ಪಂಕ್ತಿಗೆ ತಡವಾಯಿತೆಂದು ಮುಖ ಗಂಟಿಕ್ಕಿಕೊಂಡಿದ್ದರು. ಹಾರ ಹಾಕಿ, ದೀಪ ಹಚ್ಚಿ, ಬಂದವರಿಗೆಲ್ಲ ಊಟ ಹಾಕಿದ್ದಾಯಿತು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎನ್ನುತ್ತಾರೆ. ಇವರ ವಿಷಯದಲ್ಲಿ ಊರು ಉಪಕಾರ ಅರಿತಿತ್ತು, ಜನ ತುಂಬಿ ಬಂದಿದ್ದರು. ಶೃಂಗಾರಕ್ಕೇ ಕಲ್ಲು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಮಾಮಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಮಲ್ಲಿಗೆಯ ಹಾರ. "ಬಾ ಮಾರಾಯ್ತಿ, ಅಂಗಡಿಗೆ ಹೋಗಿ ಬರುವ." ಜೂನು ಶುರುವಾಗಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಾಮಿ ಯಾರನ್ನೂ ಕೇಳದೆ ನೇರವಾಗಿ ಸ್ಟೂಲಿನ ಬಳಿ ಹೋಗಿ, ನಗುವ ರಟ್ಟಿನ ಮಾಮಾನಿಗೆ ಹಾರ ಹಾಕಿದರು. ಗಿರಾಕಿಗಳು ತಿರುಗಿ ನೋಡಿದರು. ಕೆಲವರಿಗೆ ವಿಷಯ ತಿಳಿದದ್ದೇ ಆಗ. ಒಬ್ಬಾಕೆ ಮಗುವಿನ ಕೈ ಜೋಡಿಸಿ ಮುಗಿಸಿದಳು.

ಮ್ಯಾನೇಜರ್ ಓಡಿ ಬಂದ. ಠಾಣೆ ಪಕ್ಕದ ಕಳವಾ ಊರಿನ ಹುಡುಗ, ಒಳ್ಳೆಯವನು. ಕ್ರಿಯೆಯ ಊಟಕ್ಕೂ ಬಂದು ಬಡಿಸಲು ನಿಂತಿದ್ದ. "ಕಾಕೂ, ಅಸ ನಕಾ ಕರೂ" ಎಂದು ಕೈ ಮುಗಿದ. ಹಾಗೆ ಮಾಡಬೇಡಿ, ಮೇಲಿನವರು ಕ್ಯಾಮೆರಾದಲ್ಲಿ ನೋಡುತ್ತಾರೆ ಎಂದು ಮರಾಠಿಯಲ್ಲಿ ಬೇಡಿಕೊಂಡ. ಮಾಮಿಯ ಮರಾಠಿ ಉಡುಪಿಯ ದಾರಿಯಾಗಿ ಬರುವಂಥದ್ದು. "ಇವರು ತೀರಿಕೊಂಡದ್ದು ನಿನಗೆ ಗೊತ್ತಿಲ್ಲವಾ?" ಎಂದರು.

"ನನಗೆ ಗೊತ್ತು ಕಾಕೂ. ಕಂಪನಿಯ ಲೆಕ್ಕದಲ್ಲಿ ಅವರು ಇನ್ನೂ ಇದ್ದಾರೆ. ಸೀಜನ್ ಮುಗಿದ ಮೇಲೆ ಜನರಿಗೆ ತಿಳಿಸುತ್ತಾರಂತೆ."

"ಹಾಗಾದ್ರೆ ಇದನ್ನು ತೆಗೆದು ನನಗೆ ಕೊಡು."

"ತೆಗೆಯುವ ಹಾಗಿಲ್ಲ. ಹಾರ ಹಾಕುವ ಹಾಗೂ ಇಲ್ಲ."

ಮಾಮಿ ಹಾರವನ್ನು ನೆಟ್ಟಗೆ ಮಾಡಿದರು. "ಬೈಂಡ್ ಹಾಕುದು?"

ಹುಡುಗ ಮೊಬೈಲ್ ತೆಗೆದ, ಏನೋ ನೋಡಿದ, ತಲೆ ಕೆರೆದುಕೊಂಡ. ಅದರ ಬಗ್ಗೆ ಯಾವ ನಿಯಮವೂ ಇಲ್ಲ ಎಂದ.

ಅಷ್ಟು ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ ಒಂದು ಹಾಳೆ ಖಾಕಿ ಕಾಗದ ಇರಲಿಲ್ಲ. ನಾನು ಓಡಿ ಬಂದು ಅವರ ಮಂಚದಡಿಯ ಸುರುಳಿಯನ್ನೂ ಕತ್ತರಿಯನ್ನೂ ಹೊತ್ತು ಹೋದೆ. ಮಾಮಿ ಹಾರ ತೆಗೆದು ನನ್ನ ಕೈಗಿತ್ತರು. ರಟ್ಟನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತರು. ಸೆರಗಿನಿಂದ ಮುಖದ ಮೇಲಿನ ಧೂಳು ಒರೆಸಿದರು, ಒಂದು ಸಲ ಸರಿಯಾಗಿ ನೋಡಿದರು. ಆಮೇಲೆ ಕಾಗದ ಎಳೆದು, ಮೂಲೆ ಮಡಚಿ, ಒಳಗೆ ಸಿಕ್ಕಿಸಿದರು. ಉಗುರು ಇರಲಿಲ್ಲ, ಕೈಯ ಬಳೆಯನ್ನು ಮಡಿಕೆಯುದ್ದಕ್ಕೂ ಸರ್ರೆಂದು ಎಳೆದರು. ಟೇಪು ಇಲ್ಲ, ಪಿನ್ನು ಇಲ್ಲ. ಅವರಿಗೆ ಇದು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಗುವ ಮುಖ ಒಳಗೆ ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ, ಅಂಗಡಿಯ ನಡುವೆ ನಿಂತು ಅತ್ತುಬಿಟ್ಟೆ.

ಮ್ಯಾನೇಜರ್ ತಾನಾಗಿಯೇ ಹೋಗಿ ಒಂದು ಲೇಬಲ್ ತಂದು ಕೊಟ್ಟ. ಮಾಮಿ ಅದನ್ನು ಅಂಟಿಸಿದರು. ಹೆಸರು, ಇಯತ್ತೆ, ವಿಷಯ ಎಂದು ಮೂರು ಗೆರೆ. "ಕಾಕಾಂಚ ನಾವ್ ಕಾಯ್?" ಎಂದು ಹುಡುಗ ಪೆನ್ನು ಬಿಚ್ಚಿ ಅವರ ಹೆಸರು ಕೇಳಿದ. ಮಾಮಾ ಎಂದು ಬರೆಯುವ ಹಾಗಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಮಾಮಿ ಹೆಸರು ಹೇಳಲಿಲ್ಲ; ಅವರ ಬಾಯಲ್ಲಿ ಅದು ಎಂದೂ ಬಂದದ್ದಲ್ಲ. ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಮೊದಲು ಮನೆತನದ ಹೆಸರು, ಆಮೇಲೆ ಅಪ್ಪನದು, ಆಮೇಲೆ ಅವರದು. ಗೆರೆ ಸಾಲದೆ ವಿಷಯದ ಗೆರೆಗೂ ಇಳಿಯಿತು. ಹಾರವನ್ನು ನಾನು ಮತ್ತೆ ಹಾಕಿದೆ. ಖಾಕಿ ಕಾಗದಕ್ಕೆ ಹಾರ ಹಾಕಬಾರದೆಂದೂ ಯಾವ ನಿಯಮವಿಲ್ಲ.

ಉಳಿದ ಅಂಗಡಿಗಳಲ್ಲಿ ಮಾಮಾ ಈಗಲೂ ನಗುತ್ತಿದ್ದಾರೆ. ಡೊಂಬಿವಲಿಯಲ್ಲಿ ಮಾತ್ರ ಸ್ಟೂಲಿನ ಮೇಲೆ ಬೈಂಡ್ ಹಾಕಿದ ಒಂದು ದೊಡ್ಡ ಪುಸ್ತಕ ಕೂತಿದೆ, ಅದರ ಮೇಲೆ ಒಂದು ಹೆಸರಿದೆ. ಇಷ್ಟು ವರ್ಷ ಕೆಳಗಿನ ಮಹಡಿಯಲ್ಲಿದ್ದು ನಾನು ಮೊದಲ ಸಲ ಓದಿದ ಆ ಹೆಸರು ಚೆನ್ನಾಗಿಯೇ ಇದೆ, ಕರೆಯಲು ಕಷ್ಟವೇನೂ ಅಲ್ಲ. ಇಲ್ಲಿ ಮಾತ್ರ ಬರೆಯುವುದಿಲ್ಲ. ಅದು ಇನ್ನೂ ಮಾರಾಟವಾಗಿಲ್ಲವೆಂದು ತಿಳಿದರೆ, ಬೇಲಾಪುರದಿಂದ ನಾಳೆಯೇ ಯಾರಾದರೂ ಕಾಲು ಮುಟ್ಟಲು ಬಂದಾರು.